ವ್ಯಾನನ್ನು ಮನೆ ಮಾಡಿಸಿದ್ದೇನೆ. ನಡುದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡುವುದು?

ಭೀಮಾತೀರದವ (ಕಲಬುರಗಿ)

ಎಲ್ಲರಿಗೂ ಶರಣು. ಹಳೆಯ ಹದಿನೇಳು ಸೀಟಿನ ವ್ಯಾನೊಂದನ್ನು ಕೊಂಡು, ಒಳಗಿನದ್ದೆಲ್ಲ ಬಿಚ್ಚಿಸಿ ಮೋಟಾರು ಮನೆ ಮಾಡಿಸುತ್ತಿದ್ದೇನೆ. ಎರಡು ಮಂಚ, ಅಡುಗೆ ಕಟ್ಟೆ, 150 ಲೀಟರ್ ನೀರಿನ ಟ್ಯಾಂಕ್, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಮೇಲೆ ಸೋಲಾರ್ ಫಲಕ, ಹಿಂಭಾಗದಲ್ಲಿ ಮೊಣಕಾಲು ಮಡಚಿ ಕೂರುವಷ್ಟು ಶೌಚಾಲಯ. ಹೊರಡುವವರು ನಾನು, ಹೆಂಡತಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಅವ್ವ. ಇದೆಲ್ಲ ಶುರುವಾದದ್ದೇ ಅವ್ವನ ಆಸೆಯಿಂದ. ದೇವಲ ಗಾಣಗಾಪುರ, ಬಸವಕಲ್ಯಾಣ, ಬೀದರಿನ ಝರಣಿ ನರಸಿಂಹ ನೋಡಿಕೊಂಡು, ಯಾದಗಿರಿ ಕಡೆ ಇಳಿದು ಮೈಲಾಪುರ, ಕೊನೆಗೆ ತಿಂಥಣಿ ಮೌನೇಶ್ವರ. ಮೊಣಕಾಲು ನೋವಿನ ಅವ್ವನಿಗೆ ದಾರಿಯ ಶೌಚಾಲಯಗಳೆಂದರೆ ಭಯ. ಆ ಕಾರಣಕ್ಕೇ ಇಷ್ಟು ವರ್ಷ ಎಲ್ಲಿಗೂ ಬಂದವಳಲ್ಲ.

ಮೋಟಾರು ಮನೆಯ ಸುರಕ್ಷತೆಯ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಹೊರದೇಶದ ಮಾತು. ಅಲ್ಲಿ ರಸ್ತೆಯ ಬದಿಗೆ ಗಾಡಿ ನಿಲ್ಲಿಸಲೆಂದೇ ಟಾರು ಹಾಕಿದ ಪಟ್ಟಿ ಇರುತ್ತದೆ, ಫೋನು ಮಾಡಿದರೆ ಎಳೆದೊಯ್ಯುವ ಗಾಡಿ ಬರುತ್ತದೆ. ನಮ್ಮಲ್ಲಿ ಟಾರು ಮುಗಿದಲ್ಲಿಂದ ಎರೆ ಮಣ್ಣು. ಹಿಂದಿನಿಂದ ಸಿಮೆಂಟ್ ಲಾರಿ, ಮುಂದೆ ಕಬ್ಬಿನ ಟ್ರಾಕ್ಟರ್. ಈ ರಸ್ತೆಗಳಲ್ಲಿ ದಿನವೂ ಓಡಾಡುವವರು ಹೇಳಿ: ಗಾಡಿ ಕೆಟ್ಟರೆ ಎಲ್ಲಿ, ಹೇಗೆ ನಿಲ್ಲಿಸಬೇಕು? ಗ್ಯಾಸ್ ಇಟ್ಟುಕೊಳ್ಳಬಹುದೇ? ಯಾರಿಗೆ ಫೋನು ಮಾಡಬೇಕು?

ಗ್ಯಾರೇಜ್ ಕಾಕಾ (ಹುಮನಾಬಾದ್)

ತಮ್ಮಾ, ಕೆಟ್ಟ ಮೇಲಿನ ಮಾತು ಆಮೇಲೆ. ಕೆಡದ ಹಾಗೆ ನೋಡಿಕೊಳ್ಳುವುದು ಮೊದಲು. ನೀರು, ಡೀಸೆಲ್ ತುಂಬಿಸಿ, ಪಾತ್ರೆ ಪಗಡೆ ಹೇರಿ, ಅವ್ವ ಮಕ್ಕಳನ್ನೂ ಕೂರಿಸಿಕೊಂಡು ಯಾವುದಾದರೂ ದಾಲ್ ಮಿಲ್ ಪಕ್ಕದ ತೂಕದ ಕಾಟಾಕ್ಕೆ ಹೋಗಿ. ಕಲಬುರಗಿಯಲ್ಲಿ ಕಾಟಾಕ್ಕೇನೂ ಬರವಿಲ್ಲ. ಇಡೀ ಗಾಡಿಯನ್ನು ಒಂದು ಸಲ, ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ಒಂದು ಸಲ, ಹಿಂದಿನವನ್ನಷ್ಟೇ ಹತ್ತಿಸಿ ಒಂದು ಸಲ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯೊಂದಿಗೆ ಹೋಲಿಸಿ ನೋಡಿ. ಒಳಾಂಗಣ ಮಾಡಿಸುವವರು ಪ್ಲೈವುಡ್ಡಿನ ತೂಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಂಟಕ್ಕೆ ನಾಲ್ಕಡಿಯ 18 ಮಿಲಿಮೀಟರ್ ಹಾಳೆ ಒಂದೊಂದೂ ಮೂವತ್ತು ಕೆಜಿಯ ಆಸುಪಾಸು ಇರುತ್ತದೆ. ನಿಮ್ಮ ನೀರೇ 150 ಕೆಜಿ. ಅದೂ ಹಿಂದಿನ ಆಕ್ಸಲ್ಲಿನ ಆಚೆ ಇದ್ದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಟ್ಯಾಂಕ್ ಅರ್ಧ ತುಂಬಿದ್ದರೆ ಇನ್ನೂ ಕಷ್ಟ, ತಿರುವಿನಲ್ಲಿ ನೀರು ಒಂದು ಪಕ್ಕಕ್ಕೆ ನುಗ್ಗಿ ಗಾಡಿಯನ್ನು ವಾಲಿಸುತ್ತದೆ.

ಇನ್ನು ಟೈರು. ಲಾರಿಯ ಟೈರು ಸವೆದು ಸಾಯುತ್ತದೆ, ಇಂಥ ಗಾಡಿಯ ಟೈರು ನಿಂತಲ್ಲೇ ಮುಪ್ಪಾಗಿ ಸಾಯುತ್ತದೆ. ಹೂವು (ರಸ್ತೆಗೆ ತಾಗುವ ಗೀರುಗಳ ಅಚ್ಚು) ನೋಡಿದರೆ ಹೊಸದು, ಪಕ್ಕೆಯಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು. ಪಕ್ಕೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ತಿಳಿದವರಿಗೆ ತೋರಿಸದೆ ಕುಟುಂಬವನ್ನು ಕೂರಿಸಿಕೊಂಡು ಹೊರಡಬೇಡಿ. ಹತ್ತು ದಾಟಿದ್ದನ್ನು ಯಾರಿಗೂ ತೋರಿಸುವುದೇ ಬೇಡ, ಬಿಸಾಡಿ. ಸ್ಟೆಪ್ನಿಯದ್ದೂ ನೋಡಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚಿರುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗಿ ಬಾಗಿ ಇನ್ನಷ್ಟು ಕಾಯುತ್ತದೆ, ಸಿಡಿಯುವುದೂ ಅದೇ. ಮುಂದಿನ ಟೈರು ಸಿಡಿದರೆ ಬ್ರೇಕ್ ಒತ್ತಬೇಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ನೇರ ಹಿಡಿದು, ಆಕ್ಸಿಲೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆಯಿರಿ. ವೇಗ ತಾನಾಗಿ ಇಳಿದ ಮೇಲೆ ಬದಿಗೆ ಬನ್ನಿ.

ಒಂದು ಪ್ರಶ್ನೆ: ಶೌಚದ ಟ್ಯಾಂಕನ್ನು ಎಲ್ಲಿ ಕೂರಿಸಿದ್ದಾರೆ? ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ ಇಳಿಯುವ ಜಾಗಕ್ಕೆ ಅಡ್ಡ ಬಂದಿದ್ದರೆ ಪಂಕ್ಚರ್ ಆದ ದಿನ ಗೊತ್ತಾಗುತ್ತದೆ. ಈಗಲೇ ಮನೆಯ ಮುಂದೆ ಸ್ಟೆಪ್ನಿಯನ್ನು ಒಮ್ಮೆ ಇಳಿಸಿ, ಮತ್ತೆ ಏರಿಸಿ ನೋಡಿ.

ಸೇಡಂ ಲಾರಿ

ಕಾಕಾ ಹೇಳಿದ್ದಕ್ಕೆ ನನ್ನದೇನೂ ಸೇರಿಸುವುದಿಲ್ಲ. ನಿಲ್ಲಿಸುವ ವಿಚಾರ ಮಾತ್ರ ಹೇಳುತ್ತೇನೆ. ಮಳಖೇಡ, ವಾಡಿ ಕಡೆಯಿಂದ ಸಿಮೆಂಟ್ ಹೇರಿಕೊಂಡು ಓಡಾಡುವವ ನಾನು. ಓಡುವ ಗಾಡಿಗಿಂತ ನಿಂತ ಗಾಡಿಗೆ ನನಗೆ ಹೆದರಿಕೆ ಹೆಚ್ಚು.

ಇಂಜಿನ್ ಸದ್ದು ಬದಲಾಯಿತು, ಟೈರು ಕೂತಿತು ಎಂದ ಕೂಡಲೇ ಅಲ್ಲೇ ನಿಲ್ಲಿಸುವುದು ಹೊಸಬರ ಚಾಳಿ. ಮಿನುಗು ದೀಪ ಹಾಕಿಕೊಂಡು, ಗಾಡಿ ಉರುಳುವಷ್ಟು ದೂರ ನಿಧಾನವಾಗಿ ಉರುಳಿಸಿಕೊಂಡು ಅಗಲವಾದ ಜಾಗಕ್ಕೆ ಬನ್ನಿ. ಪೆಟ್ರೋಲ್ ಬಂಕ್, ಧಾಬಾ, ಊರ ಅಗಸಿ, ಬಸ್ ನಿಲ್ದಾಣ, ಯಾವುದಾದರೂ ಸರಿ. ಕೂತ ಟೈರಿನ ಮೇಲೆ ಅರ್ಧ ಕಿಲೋಮೀಟರ್ ಓಡಿಸಿದರೆ ಟೈರೂ ರಿಮ್ಮೂ ಹಾಳಾಗುತ್ತವೆ. ಆಗಲಿ, ರಿಮ್ಮು ಅಂಗಡಿಯಲ್ಲಿ ಸಿಗುತ್ತದೆ. ತಿರುವಿನಲ್ಲಿ, ದಿಬ್ಬದ ನೆತ್ತಿಯ ಆಚೆ ಬದಿಯಲ್ಲಿ, ಸೇತುವೆಯ ಮೇಲೆ ಯಾವ ಕಾರಣಕ್ಕೂ ನಿಲ್ಲಬೇಡಿ. ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆಯ ಮೇಲೆ ಸೆಲ್ಫಿಗೆಂದು ಗಾಡಿ ನಿಲ್ಲಿಸುವವರನ್ನು ಕಂಡರೆ ನನ್ನ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯಲಾಗದು.

ನಿಂತ ಮೇಲೆ ಎಲ್ಲರನ್ನೂ ಎಡಗಡೆಯ ಬಾಗಿಲಿನಿಂದ ಇಳಿಸಿ. ಮಳೆ ಇರಲಿ, ಬಿಸಿಲಿರಲಿ, ಒಳಗೆ ಮಂಚವಿದೆಯೆಂದು ಯಾರೂ ಮಲಗಿರಬಾರದು. ಮೋಟಾರು ಮನೆಯ ದೊಡ್ಡ ಅಪಾಯವೇ ಇದು: ಒಳಗೆ ಎಲ್ಲ ಸೌಕರ್ಯವಿರುವುದರಿಂದ ಯಾರಿಗೂ ಇಳಿಯಲು ಮನಸ್ಸಾಗುವುದಿಲ್ಲ. ಇಳಿದವರು ಗಾಡಿಯ ಹಿಂದೆಯೂ ಮುಂದೆಯೂ ನಿಲ್ಲಕೂಡದು. ರಸ್ತೆಯಿಂದ ಪೂರ್ತಿ ಆಚೆ, ತಡೆಬೇಲಿ ಇದ್ದರೆ ಅದರಾಚೆ, ವಾಹನಗಳು ಬರುವ ದಿಕ್ಕಿಗೆ ಒಂದಿಷ್ಟು ಸರಿದು ನಿಲ್ಲಿ. ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮ ಗಾಡಿ ಮುಂದಕ್ಕೆ ಹಾರುತ್ತದೆ. ಆ ಕಡೆ ಅವ್ವ ಇರಬಾರದು.

ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲೇ ಇಡುವವರಿದ್ದಾರೆ. ಲೆಕ್ಕ ಹಾಕಿ: ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. 50 ಮೀಟರ್ ಹಿಂದೆ ಇಟ್ಟರೆ ನನಗೆ ಸಿಗುವುದು ಎರಡು ಸೆಕೆಂಡಿಗೆ ತುಸು ಹೆಚ್ಚು. ತುಂಬಿದ ಲಾರಿಗೆ ಅದು ಸಾಲುವುದೇ ಇಲ್ಲ. ಹೆದ್ದಾರಿಯಲ್ಲಿ ನೂರು ಮೀಟರ್ ಹಿಂದೆ ಇಡಿ, ತಿರುವು ಇದ್ದರೆ ತಿರುವಿಗೂ ಮೊದಲು ಇಡಿ. ಇಡಲು ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಬರುವ ವಾಹನಗಳಿಗೆ ಮುಖಮಾಡಿ, ಟಾರಿನಿಂದ ಕೆಳಗಿಳಿದು ನಡೆಯಿರಿ.

ಕಲ್ಯಾಣದ ಕುದುರೆ

ತ್ರಿಕೋನ ಅಂಗಡಿಯಲ್ಲಿದ್ದರೇ ಚೆಂದ. ಲಾರಿ ಹೋದ ಗಾಳಿಗೆ ಹಾರಿ ಬೀಳುತ್ತದೆ. ಯಾರೂ ನೋಡದಿದ್ದರೆ ಯಾರದೋ ಮನೆ ಸೇರುತ್ತದೆ. ನಮ್ಮ ಹಿರಿಯರ ಪದ್ಧತಿಯೇ ಗಟ್ಟಿ: ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ.

ಸೇಡಂ ಲಾರಿ

ಟೊಂಗೆ ಸರಿ, ಹಗಲಲ್ಲಿ ದೂರದಿಂದ ಕಾಣುತ್ತದೆ. ಕಲ್ಲು ಮಾತ್ರ ಬೇಡ ಅಣ್ಣಾ. ರಾತ್ರಿ ಕಲ್ಲು ಹೊಳೆಯುವುದಿಲ್ಲ. ಲಾರಿಯವನು ಅದರ ಮೇಲೆ ಹತ್ತಿಸಿಕೊಂಡು ಹೋಗುತ್ತಾನೆ. ಹಿಂದೆ ಬರುವ ಬೈಕಿನವನು ಎಗರಿ ಬೀಳುತ್ತಾನೆ. ಗಾಡಿ ರಿಪೇರಿಯಾಗಿ ಹೋದ ಮೇಲೂ ಆ ಕಲ್ಲುಗಳು ಅಲ್ಲೇ ಇರುತ್ತವೆ. ಎತ್ತಿ ಪಕ್ಕಕ್ಕೆ ಎಸೆದು ಹೋದವನನ್ನು ಈ ರಸ್ತೆಯಲ್ಲಿ ನಾನಂತೂ ಕಂಡಿಲ್ಲ. ತ್ರಿಕೋನ ಹಾರುತ್ತದೆ ಎಂದರೆ ಅದರ ಕಾಲಿನ ಮೇಲೆ ಮರಳು ತುಂಬಿದ ಚೀಲ ಇಡಿ. ಕದ್ದರೆ ಕದಿಯಲಿ, ಎರಡು ಇಟ್ಟುಕೊಳ್ಳಿ. ಗಾಡಿಯ ಹಿಂಬದಿಗೆ ಅಂಚಿನುದ್ದಕ್ಕೂ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಬ್ಯಾಟರಿ ಸತ್ತು ದೀಪವೇ ಇಲ್ಲದಾಗ ಉಳಿಯುವುದು ಅದೊಂದೇ.

ಭಾಲ್ಕಿಯ ತಂತಿ

ನಾನು ವಿದ್ಯುತ್ ಇಂಜಿನಿಯರ್. ಅಣ್ಣಾವರ ಮೊದಲ ಬರಹ ಓದಿದಾಗ ಕಣ್ಣು ನಿಂತದ್ದು ಆ ಲಿಥಿಯಂ ಬ್ಯಾಟರಿಯ ಮೇಲೆ. ಇಂಡಕ್ಷನ್ ಒಲೆ ಇಡುವುದಿದ್ದರೆ ಈ ಲೆಕ್ಕ ನೋಡಿ. 1500 ವಾಟ್ ಒಲೆಗೆ 12 ವೋಲ್ಟ್ ಬ್ಯಾಟರಿಯಿಂದ, ಇನ್ವರ್ಟರಿನ ನಷ್ಟವೂ ಸೇರಿ, ಹತ್ತಿರ ಹತ್ತಿರ 130 ಆಂಪಿಯರ್ ಹರಿಯಬೇಕು. ಮನೆಯ ಗೋಡೆಯೊಳಗೆ ಎಳೆಯುವ ತಂತಿಗೆ ಇದು ಆಗುವ ಮಾತಲ್ಲ, ತಂತಿಯೇ ಒಲೆಯಾಗುತ್ತದೆ. ಹೆಬ್ಬೆರಳಿನಷ್ಟು ದಪ್ಪದ ತಾಮ್ರದ ಕೇಬಲ್ ಬೇಕು, ಉದ್ದ ಆದಷ್ಟು ಕಡಿಮೆ ಇರಬೇಕು. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನ ಒಳಗೇ ಫ್ಯೂಸ್ ಇರಬೇಕು. ಇನ್ವರ್ಟರಿನ ಬಳಿ ಫ್ಯೂಸ್ ಹಾಕಿ, ನಡುವಿನ ಆರಡಿ ಕೇಬಲ್ಲನ್ನು ಪ್ಲೈವುಡ್ಡಿನ ಕೆಳಗೆ ಬರಿದೇ ಬಿಟ್ಟಿರುವ ಕೆಲಸವನ್ನು ನಾನು ನೋಡಿದ್ದೇನೆ. ಆ ಕೇಬಲ್ ಎಲ್ಲಾದರೂ ಉಜ್ಜಿ ಕಬ್ಬಿಣದ ಮೈಗೆ ತಾಗಿದರೆ ಅದನ್ನು ತಡೆಯಲು ಯಾರೂ ಇರುವುದಿಲ್ಲ.

ಮಠದಲ್ಲೋ ಧಾಬಾದಲ್ಲೋ 230 ವೋಲ್ಟ್ ಪ್ಲಗ್ಗಿಗೆ ಗಾಡಿ ಜೋಡಿಸುವುದಿದ್ದರೆ 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ನಿಮ್ಮ ಗಾಡಿಯಲ್ಲೇ ಇರಲಿ. ಅವರ ಅರ್ಥಿಂಗನ್ನು ನಂಬಿಕೊಂಡು ಒದ್ದೆ ನೆಲದಲ್ಲಿ ನಿಂತು ಬಾಗಿಲಿಗೆ ಕೈ ಹಾಕಬೇಡಿ. ಸುರುಳಿ ವೈರನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟಂತೆಯೇ ಹೆಚ್ಚು ಹೊರೆ ಹಾಕಿದರೆ ಒಳಗೊಳಗೇ ಕಾದು ಕರಗುತ್ತದೆ.

ಗ್ಯಾಸಿನ ಬಗ್ಗೆ: ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಕೂತು ಕಾಯುತ್ತದೆ. ನೀವು ಛಾವಣಿಗೆ ಎಷ್ಟು ಫ್ಯಾನ್ ಹಾಕಿಸಿದರೂ ಅದು ಹೊರಗೆ ಹೋಗದು. ಸಿಲಿಂಡರಿನ ಗೂಡು ಒಳಗಿನ ಕೋಣೆಗೆ ಸಂಬಂಧವಿಲ್ಲದಂತೆ ಮುಚ್ಚಿರಬೇಕು, ಬಾಗಿಲು ಹೊರಗಿನಿಂದ ತೆರೆಯಬೇಕು, ಗೂಡಿನ ತಳದಲ್ಲಿ ಹೊರಕ್ಕೆ ರಂಧ್ರ ಇರಬೇಕು. ಸೋರಿಕೆ ಎಚ್ಚರಿಸುವ ಸಾಧನವನ್ನು ನೆಲದ ಹತ್ತಿರ ಕೂರಿಸಿ. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರಬೇಕು.

ಸಕ್ಕರೆ ಇಲ್ಲದ ಚಹಾ (ಬೀದರ್)

ಇಷ್ಟೆಲ್ಲ ಯಾಕೆ? ಮನೆಯ ಸಿಲಿಂಡರ್ ಒಂದನ್ನು ಮೂಲೆಯಲ್ಲಿ ಹಗ್ಗದಿಂದ ಕಟ್ಟಿಕೊಂಡು ನಾವು ಪಂಢರಪುರದ ತನಕ ಹೋಗಿ ಬಂದಿದ್ದೇವೆ. ಏನೂ ಆಗಿಲ್ಲ. ಮದುವೆ ಅಡುಗೆಯವರು ದಿನವೂ ಟೆಂಪೋದಲ್ಲಿ ಒಯ್ಯುತ್ತಾರೆ.

ಭಾಲ್ಕಿಯ ತಂತಿ

ಏನೂ ಆಗದವರು ಬಂದು ಹೇಳುತ್ತಾರೆ, ಆದವರು ಹೇಳಲು ಬರುವುದಿಲ್ಲ. ಅಡುಗೆಯವರು ತೆರೆದ ಟೆಂಪೋದಲ್ಲಿ ಒಯ್ಯುತ್ತಾರೆ, ಅದರ ಪಕ್ಕದಲ್ಲಿ ಬಾಗಿಲು ಹಾಕಿಕೊಂಡು ಮಲಗುವುದಿಲ್ಲ. ಮನೆಯ 14.2 ಕೆಜಿ ಸಿಲಿಂಡರ್ ಇರುವುದು ಮನೆಗೆ. ಅನಿಲವೇ ಬೇಕೆಂದರೆ 5 ಕೆಜಿಯ ಸಣ್ಣ ಸಿಲಿಂಡರ್ ಮುಕ್ತವಾಗಿ ಸಿಗುತ್ತದೆ. ಅದನ್ನು ಆ ಗೂಡಿನಲ್ಲಿ ನೆಟ್ಟಗೆ, ಪಟ್ಟಿಯಿಂದ ಬಿಗಿದು ನಿಲ್ಲಿಸಿ. ಹಿಡಿಕೆಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರದೊಂದಿಗೆ ವರ್ಷ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ಮುಗಿದ ಸಿಲಿಂಡರನ್ನು ತೆಗೆದುಕೊಳ್ಳಬೇಡಿ.

ಇನ್ನೊಂದು ಅಪಾಯ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ, ಇದಕ್ಕೆ ವಾಸನೆಯೂ ಇಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಡಿಸೆಂಬರಿನಲ್ಲಿ ಬೀದರಿಗೆ ಹೋಗುವುದಾದರೆ ಚಳಿಗೆ ಅವ್ವನ ಮಂಚದ ಕೆಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುವ ಯೋಚನೆ ಬರಬಹುದು. ಬೇಡ. ಎರಡು ಕಂಬಳಿ ಹೆಚ್ಚಿಗೆ ಒಯ್ಯಿರಿ.

ಸಕ್ಕರೆ ಇಲ್ಲದ ಚಹಾ (ಬೀದರ್)

ಅಕ್ಕನವರೇ, ಸಿಲಿಂಡರಿನ ಮಾತು ಒಪ್ಪಿದೆ ಎಂದು ಹೇಳುವುದಿಲ್ಲ. ಅಗ್ಗಿಷ್ಟಿಕೆಯ ಮಾತು ಒಪ್ಪಿದೆ.

ಭೀಮಾತೀರದವ (ಕಲಬುರಗಿ)

ಇಂಡಕ್ಷನ್ ಒಲೆಯನ್ನೇ ಇಡುತ್ತೇನೆ, ತಂತಿ ಬದಲಿಸಲು ಹೇಳಿದ್ದೇನೆ. ಕಾಕಾ, ಸ್ಟೆಪ್ನಿ ಇಳಿಯುತ್ತದೆ, ಆದರೆ ಟ್ಯಾಂಕಿನ ಪೈಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು. ಬೆಂಕಿಯ ಬಗ್ಗೆ ಯಾರಾದರೂ ಹೇಳಿ. ಶೌಚಾಲಯವನ್ನು ಹಿಂಬಾಗಿಲಿಗೆ ಒತ್ತಿಯೇ ಕಟ್ಟಿದ್ದಾರೆ. ಈಗ ಇರುವುದು ಪಕ್ಕದ ಜಾರುಬಾಗಿಲು, ಮುಂದಿನ ಎರಡು ಬಾಗಿಲು.

ಕಮಲಾಪುರ ಕೆಂಪುಬಾಳೆ

ನಮ್ಮೂರಿನ ಹತ್ತಿರ 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡದ್ದು ಈ ಭಾಗದವರಿಗೆಲ್ಲ ನೆನಪಿದೆ. ಒಳಗೆ ಸಿಕ್ಕಿಬಿದ್ದವರು ಹೊರಗೆ ಬರಲಾಗಲಿಲ್ಲ. ಆದ್ದರಿಂದ ನಿಷ್ಠುರವಾಗಿ ಹೇಳುತ್ತೇನೆ: ಹಿಂಬಾಗಿಲು ಮುಚ್ಚಿರುವ ಆ ಶೌಚಾಲಯವನ್ನು ಪಕ್ಕಕ್ಕೆ ಸರಿಸಿ. ಬಡಗಿ ಗೊಣಗಲಿ. ಮಲಗುವ ಜಾಗದಿಂದ ಬಾಗಿಲಿಗೆ ಹೋಗುವ ದಾರಿಯಲ್ಲಿ ಅಡುಗೆ ಕಟ್ಟೆ ಇದೆ ಎಂದಿಟ್ಟುಕೊಳ್ಳಿ. ಬೆಂಕಿ ಅಲ್ಲೇ ಹುಟ್ಟಿದರೆ ಅದರಾಚೆ ಮಲಗಿದವರಿಗೆ ಇನ್ನೊಂದು ದಾರಿ ಇರಲೇಬೇಕು.

ಸರಿಸಲು ಸಾಧ್ಯವೇ ಇಲ್ಲವೆಂದರೆ ಮಂಚದ ಪಕ್ಕದ ಕಿಟಕಿ ಅವ್ವನೂ ನುಸುಳುವಷ್ಟು ದೊಡ್ಡದಿರಬೇಕು, ಒಳಗಿನಿಂದ ಒಂದೇ ಕೈಗೆ ತೆರೆಯಬೇಕು. ಗಾಜು ಒಡೆಯುವ ಸುತ್ತಿಗೆಯನ್ನು ಮಂಚದ ತಲೆಬದಿಗೆ ಸಿಗಿಸಿಡಿ. ಮುಂದಿನ ಗಾಜು ಪದರದ ಗಾಜು, ಅದು ಸುತ್ತಿಗೆಗೆ ಬಿರುಕು ಬಿಡುತ್ತದೆ, ಉದುರುವುದಿಲ್ಲ. ಪಕ್ಕದ ಗಟ್ಟಿ ಗಾಜಿನ ಮೂಲೆಗೆ ಹೊಡೆಯಬೇಕು. ಕಿಟಕಿಗಳನ್ನು ಅಕ್ರಿಲಿಕ್ಕಿನಲ್ಲಿ ಮಾಡಿಸಿದ್ದರೆ ಸುತ್ತಿಗೆ ಕೆಲಸಕ್ಕೇ ಬಾರದು.

ಬೆಂಕಿ ಆರಿಸುವ ಸಾಧನ ಎರಡಿರಲಿ. ಒಂದು ಚಾಲಕನ ಕೈಗೆ ಸಿಗುವಂತೆ, ಇನ್ನೊಂದು ಜಾರುಬಾಗಿಲಿನ ಪಕ್ಕ, ಹೊರಗೆ ನಿಂತು ಕೈ ಹಾಕಿದರೂ ಸಿಗುವಂತೆ. ಒಲೆಯ ಮೇಲ್ಗಡೆ ನೇತುಹಾಕುವವರಿದ್ದಾರೆ, ಉರಿಯ ಮೇಲೆ ಕೈಚಾಚಿ ಅದನ್ನು ತೆಗೆಯುವುದು ಹೇಗೆ? ಪಿನ್ನು ಕೀಳಿ, ಉರಿಯ ಬುಡಕ್ಕೆ ಹಿಡಿದು ಒತ್ತಿ, ಎಡಕ್ಕೂ ಬಲಕ್ಕೂ ಆಡಿಸಿ. ಸಣ್ಣ ಸಾಧನ ಕೆಲವೇ ಸೆಕೆಂಡಿನಲ್ಲಿ ಬರಿದಾಗುತ್ತದೆ. ಆರದಿದ್ದರೆ ಅದನ್ನೂ ಅಲ್ಲೇ ಬಿಟ್ಟು ಓಡಿ. ಬಾನೆಟ್ಟಿನಿಂದ ಹೊಗೆ ಬಂದರೆ ಅದನ್ನು ಪೂರ್ತಿ ಎತ್ತಬೇಡಿ; ಗಾಳಿ ಸಿಕ್ಕಿ ಉರಿ ಏಳುತ್ತದೆ. ಲಿಥಿಯಂ ಬ್ಯಾಟರಿ ಹೊಗೆಯಾಡಿದರೆ ಆರಿಸುವ ಸಾಹಸವೇ ಬೇಡ. ಪುಡಿ ಚೆಲ್ಲಿದರೆ ಉರಿ ಒಂದು ಕ್ಷಣ ಅಡಗಬಹುದು, ಒಳಗಿನ ಕಾವು ಇಳಿಯದೆ ಮತ್ತೆ ಹೊತ್ತಿಕೊಳ್ಳುತ್ತದೆ. ಎಲ್ಲರನ್ನೂ ದೂರ ಒಯ್ದು 112ಕ್ಕೆ ಫೋನು ಮಾಡಿ.

ಶಹಾಪುರದ ಎರೆಹೊಲ

ಕಬ್ಬಿನ ಟ್ರಾಕ್ಟರಿಗೆ ಎಲ್ಲರೂ ಹೆದರುತ್ತೀರಿ, ಸರಿಯೇ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವಾಗ ಹಿಂದಕ್ಕೆ ಚಾಚಿದ ಕಬ್ಬು ಇದ್ದ ದೀಪವನ್ನೂ ಮುಚ್ಚಿಬಿಡುತ್ತದೆ. ನವೆಂಬರಿನಿಂದ ಮಾರ್ಚಿನ ತನಕ ಅಫಜಲಪುರ, ಆಳಂದ, ಭಾಲ್ಕಿ ಕಡೆ ಕತ್ತಲಾದ ಮೇಲೆ ಮೋಟಾರು ಮನೆ ಓಡಿಸದಿರುವುದೇ ಉತ್ತಮ. ನಿಮಗೇನು ಆಫೀಸಿಗೆ ಹೊತ್ತಾಗುತ್ತದೆಯೇ?

ಆದರೆ ನಾನು ಬರೆಯಲು ಕೂತದ್ದು ಮಣ್ಣಿನ ಬಗ್ಗೆ. ನಮ್ಮ ಎರೆ ಭೂಮಿ ಮಳೆಯಾದ ಮಾರನೆಯ ದಿನ ಮೇಲೆ ಒಣಗಿ ಹೆಂಟೆಗಟ್ಟಿದಂತೆ ಕಾಣುತ್ತದೆ. ಕಾಲಿಟ್ಟರೂ ಗಟ್ಟಿ. ಮೂರು ಟನ್ನಿನ ಗಾಡಿ ಇಳಿದರೆ ಮೇಲಿನ ಪದರ ಒಡೆದು ಕೆಳಗಿನ ಹಸಿ ಜಿಗುಟಿನಲ್ಲಿ ಗಾಲಿ ಆಕ್ಸಲ್ಲಿನ ತನಕ ಕೂರುತ್ತದೆ. ಆಕ್ಸಿಲೇಟರ್ ಒತ್ತಿದಷ್ಟೂ ಆಳಕ್ಕೆ. ಟೈರಿನ ಹೂವಿನ ಸಂದಿಗೆಲ್ಲ ಮಣ್ಣು ತುಂಬಿ ಗಾಲಿ ನುಣ್ಣನೆಯ ಗುಂಡಾಗುತ್ತದೆ. ಆಗ ಸುಮ್ಮನೆ ಇಂಜಿನ್ ನಿಲ್ಲಿಸಿ. ನೀರಿನ ಟ್ಯಾಂಕ್ ಖಾಲಿ ಮಾಡಿ, ಎಲ್ಲರೂ ಇಳಿಯಿರಿ, ಗಾಲಿಯ ಮುಂದಿನ ಮಣ್ಣು ಕೆರೆದು ತೆಗೆದು ಗೋಣಿಚೀಲವನ್ನೋ ಹಲಗೆಯನ್ನೋ ಕೊಡಿ. ಆಗಲೂ ಬರದಿದ್ದರೆ ಹತ್ತಿರದ ಹೊಲದಿಂದ ಟ್ರಾಕ್ಟರ್ ಕರೆಸಿ. ಹಗ್ಗವನ್ನು ಬಂಪರಿಗೆ ಕಟ್ಟಲು ಬಿಡಬೇಡಿ, ಎಳೆಯುವ ಕೊಂಡಿಗೆ ಅಥವಾ ಚಾಸಿಸ್ಸಿಗೆ ಕಟ್ಟಬೇಕು. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಒಂದು ಹುಡುಗನೂ ನಿಲ್ಲಕೂಡದು. ಬಿಗಿದ ಸರಪಳಿ ತುಂಡಾದರೆ ಅದು ಹೋಗುವ ದಿಕ್ಕು ಯಾರಿಗೂ ಗೊತ್ತಿಲ್ಲ. ನಮ್ಮ ಹುಡುಗರು ನೋಡಲೆಂದೇ ಅದರ ಪಕ್ಕ ಬಂದು ನಿಲ್ಲುತ್ತಾರೆ, ಗದರಿಸಿ ಕಳಿಸಿ.

ಜಾಕ್ ಕೂಡ ಹಾಗೇ. ಅದರ ಕೆಳಗೆ ಒಂದಡಿ ಚೌಕದ ದಪ್ಪ ಹಲಗೆ ಇಲ್ಲದಿದ್ದರೆ ಗಾಡಿ ಮೇಲೆ ಬರುವ ಬದಲು ಜಾಕ್ ಕೆಳಗೆ ಹೋಗುತ್ತದೆ.

ತೊಗರಿ ಕೊಯ್ದ ಹೊಲ ಬಯಲಾಗಿ ಕಂಡು ಅಲ್ಲಿ ಗಾಡಿ ನಿಲ್ಲಿಸಬೇಡಿ. ಓರೆಯಾಗಿ ಕೊಯ್ದ ತೊಗರಿ ಕೂಳೆ ಈಟಿ ಇದ್ದಂತೆ, ಟೈರಿನ ಪಕ್ಕೆಗೆ ಚುಚ್ಚುತ್ತದೆ. ಪಕ್ಕೆ ಹರಿದರೆ ಪಂಕ್ಚರ್ ಹಾಕುವವನೂ ಕೈ ಎತ್ತುತ್ತಾನೆ. ರಸ್ತೆಯ ಮೇಲೆ ಕಣ ಮಾಡಿ ಹರಡಿದ ಬೆಳೆಯ ಮೇಲೆ ಹೋಗಬೇಕಾಗಿ ಬಂದರೆ ಆಚೆ ಹೋದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಒಣ ಹೊಟ್ಟು ಕಾದ ಸೈಲೆನ್ಸರಿಗೂ ತಿರುಗುವ ಶಾಫ್ಟಿಗೂ ಸುತ್ತಿಕೊಂಡು ಹೊತ್ತಿಕೊಳ್ಳುತ್ತದೆ. ರಸ್ತೆಯಲ್ಲಿ ಕಣ ಮಾಡುವುದು ತಪ್ಪು ಎಂದು ನಮಗೂ ಗೊತ್ತು. ಅದರ ಚರ್ಚೆ ಇನ್ನೊಮ್ಮೆ ಆಗಲಿ.

ಕೊನೆಗೆ ಭೀಮೆ. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಗಾಣಗಾಪುರದ ಕಡೆಯ ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರಿನಲ್ಲಿ ಆದ ಹಾನಿ ನೆನಪಿದೆಯಲ್ಲ. ಮಳೆಗಾಲದಲ್ಲಿ ಹೊರಡುವುದಾದರೆ ನಮ್ಮ ಆಕಾಶ ನೋಡಬೇಡಿ, ಸೊನ್ನ ಬ್ಯಾರೇಜಿನ ಹೊರಹರಿವಿನ ಸುದ್ದಿ ನೋಡಿ. ಸೇತುವೆಯ ಮೇಲೆ ಹರಿಯುವ ನೀರು ಒಂದಡಿ ಇದ್ದರೂ ಕಾರು ತೇಲಬಹುದು, ಎರಡಡಿ ಇದ್ದರೆ ನಿಮ್ಮಂಥ ಗಾಡಿಯನ್ನೂ ತಳ್ಳುತ್ತದೆ. ಮುಂದಿನ ಬಸ್ಸು ಹೋಯಿತೆಂದು ಹಿಂದೆ ಹೋಗಬೇಡಿ.

ತುರ್ತು ವಿಭಾಗದ ಸಿಸ್ಟರ್ (ಯಾದಗಿರಿ)

ಯಾರಿಗೆ ಫೋನು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಜೀವಕ್ಕೆ ಅಪಾಯವಿದ್ದರೆ 112, ಅದು ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಮೂರಕ್ಕೂ. ಆಂಬ್ಯುಲೆನ್ಸ್ ಮಾತ್ರ ಬೇಕಾದರೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ಅಡ್ಡ ನಿಂತಿದ್ದರೆ 1033. ಫೋನು ಎತ್ತಿದವರು ಮೊದಲು ಕೇಳುವುದು ಎಲ್ಲಿದ್ದೀರಿ ಎಂದು. ‘ಕಲಬುರಗಿಯಿಂದ ಸ್ವಲ್ಪ ಮುಂದೆ’ ಎಂದರೆ ನಾವು ಎಲ್ಲೆಂದು ಹುಡುಕುವುದು? ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿನ ಸಂಖ್ಯೆ, ದಾಟಿ ಬಂದ ಊರು, ಯಾವ ಕಡೆಗೆ ಹೋಗುತ್ತಿದ್ದಿರಿ ಎಂಬ ಮೂರನ್ನು ಹೇಳಿ. ಹುಮನಾಬಾದ್ ಬಳಿ 50 ಮತ್ತು 65ನೆಯ ಹೆದ್ದಾರಿಗಳು ಕೂಡುತ್ತವೆ. ಅಲ್ಲಿ ಹೆದ್ದಾರಿ ಸಂಖ್ಯೆ ಹೇಳದಿದ್ದರೆ ಆಂಬ್ಯುಲೆನ್ಸ್ ಬೇರೆ ದಿಕ್ಕಿಗೆ ಹೋದೀತು.

ಇನ್ನೊಬ್ಬರ ಅಪಘಾತ ಕಂಡರೆ ಹೆದರಿ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರನ್ನು ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಗಾಯಾಳುವಿಗೆ ಏಳು ದಿನಗಳ ತನಕ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಬಿದ್ದವರ ಕುತ್ತಿಗೆ ಅಲುಗಿಸಬೇಡಿ, ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬೇಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ನೋಡಲೆಂದು ಮತ್ತೆ ಮತ್ತೆ ತೆಗೆಯಬೇಡಿ.

ಅಣ್ಣಾವರೇ, ಅವ್ವನಿಗೆ ಸಕ್ಕರೆ ಕಾಯಿಲೆ ಇದೆಯೇ?

ಭೀಮಾತೀರದವ (ಕಲಬುರಗಿ)

ಇದೆ ಸಿಸ್ಟರ್. ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಬಿಪಿ ಮಾತ್ರೆಯೂ ಇದೆ.

ತುರ್ತು ವಿಭಾಗದ ಸಿಸ್ಟರ್ (ಯಾದಗಿರಿ)

ಹಾಗಾದರೆ ನಿಂತ ಗಾಡಿಯ ಕಾವು ನಿಮ್ಮ ಮೊದಲ ಶತ್ರು. ನಮ್ಮ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಇನ್ಸುಲಿನ್ ಇಟ್ಟರೆ ಮುಗಿಯಿತು, ನೋಡಲು ನೀರಿನಂತೆಯೇ ಇದ್ದರೂ ಕೆಲಸ ಮಾಡದು. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಹಿಮ ಕಟ್ಟುವ ಜಾಗದಲ್ಲಿ ಬೇಡ. ಬ್ಯಾಟರಿ ಕೈಕೊಟ್ಟರೆ ಹಸಿ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಡಬ್ಬಿಯಲ್ಲಿಡಿ. ಗಾಡಿ ಕೆಟ್ಟು ಊಟ ತಡವಾದ ಹೊತ್ತಿನಲ್ಲಿ ಅವ್ವ ಬೆವತು, ನಡುಗಿ, ತಡವರಿಸಿ ಮಾತಾಡಿದರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯ ನೀರು ಕೊಡಿ. ಮೈ ಸುಡುತ್ತಿದ್ದು ಮಾತು ಅಸಂಬದ್ಧವಾಗಿದ್ದರೆ ಬಿಸಿಲಾಘಾತ: ನೆರಳಿಗೆ ಒಯ್ದು, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಫೋನು ಮಾಡಿ. ಆಂಬ್ಯುಲೆನ್ಸ್ ಬರಲಿ ಎಂದು ತಣಿಸುವುದನ್ನು ಮುಂದೂಡಬೇಡಿ.

ಓಡುವ ಗಾಡಿಯಲ್ಲಿ ಅವ್ವನನ್ನು ಮಂಚದ ಮೇಲೆ ಮಲಗಿಸುವುದೂ ಬೇಡ. ಬೆಲ್ಟ್ ಇರುವ ಸೀಟಿನಲ್ಲಿ ಕೂರಲಿ. ಒಂದು ಬ್ರೇಕಿಗೆ ಮಂಚದಿಂದ ಎಸೆಯಲ್ಪಟ್ಟು ಸೊಂಟದ ಮೂಳೆ ಮುರಿದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ.

ಹಳೇ ಪಾಲಿಸಿ

ಮುಖ್ಯವಾದದ್ದನ್ನು ಯಾರೂ ಕೇಳಲಿಲ್ಲ. ಈ ಬದಲಾವಣೆಗಳೆಲ್ಲ ಆರ್‌ಸಿಯಲ್ಲಿ ನಮೂದಾಗಿವೆಯೇ? ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಹದಿನೇಳು ಸೀಟಿನ ವ್ಯಾನ್ ಎಂದೇ ದಾಖಲೆಯಲ್ಲಿದ್ದು, ಒಳಗೆ ಅಡುಗೆಮನೆ ಇದ್ದು, ಬೆಂಕಿ ಬಿದ್ದರೆ ವಿಮೆಯವರು ಮೊದಲು ಎತ್ತುವ ತಕರಾರು ಇದೇ. ಆರ್‌ಟಿಒ ಕಚೇರಿಗೆ ಹೋಗಿ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಆಮೇಲೆ ವಿಮೆಯವರಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರದ ಪ್ರತಿ ಇಟ್ಟುಕೊಳ್ಳಿ. ರಸ್ತೆಬದಿ ನೆರವಿನ ಸೌಲಭ್ಯವಿದ್ದರೆ ಗಾಡಿಯ ತೂಕವನ್ನೂ ಎತ್ತರವನ್ನೂ ಹೇಳಿ, ಎಳೆಯುವ ವಾಹನ ಕಳಿಸುತ್ತೀರಾ ಎಂದು ಈಗಲೇ ಕೇಳಿ. ಕಾರು ಎತ್ತುವ ಗಾಡಿ ಬಂದು ನಿಮ್ಮ ವ್ಯಾನನ್ನು ನೋಡಿ ವಾಪಸು ಹೋದರೆ ಅರ್ಧ ದಿನ ಹೋದಂತೆ.

ಭೀಮಾತೀರದವ (ಕಲಬುರಗಿ)

ಆರ್‌ಟಿಒ ಕೆಲಸ ಮುಗಿಯುವ ತನಕ ಗಾಡಿ ಹೊರಡುವುದಿಲ್ಲ. ಶೌಚಾಲಯ ಪಕ್ಕಕ್ಕೆ ಬರುತ್ತದೆ, ಬಡಗಿ ಗೊಣಗಿದ್ದೂ ಆಯಿತು. ಅವ್ವನಿಗೆ ಬೆಲ್ಟಿನ ಸೀಟು ಮುಂದೆಯೇ ಬೇಕಂತೆ, ದಾರಿ ಕಾಣಬೇಕಂತೆ. ಒಂದು ಉಳಿಯಿತು: ರಾತ್ರಿ ಎಲ್ಲಿ ನಿಲ್ಲುವುದು?

ಸೇಡಂ ಲಾರಿ

ಬೀದರಿನಲ್ಲಿ ಗುರುದ್ವಾರ ನಾನಕ್ ಝಿರಾ ಸಾಹೇಬಿನ ಸೇವಾದಾರರನ್ನು ಕೇಳಿ ನೋಡಿ. ಗಾಣಗಾಪುರದಲ್ಲಿ ಹುಣ್ಣಿಮೆಯ ದಿನ ಹೋಗಬೇಡಿ, ಗಾಡಿ ತಿರುಗಿಸಲೂ ಜಾಗ ಇರುವುದಿಲ್ಲ. ಮೈಲಾಪುರಕ್ಕೆ ಸಂಕ್ರಾಂತಿಯಲ್ಲಿ ಹೋದರೂ ಅದೇ ಪಾಡು. ಉಳಿದಂತೆ ದೀಪ ಇರುವ ದೊಡ್ಡ ಬಂಕ್ ಒಳ್ಳೆಯದು. ಅಲ್ಲಿಯವರನ್ನು ಕೇಳಿ, ತೈಲ ಹಾಕಿಸಿ, ಒಲೆ ಹಚ್ಚದೆ ಮಲಗಿ. ಲಾರಿಗಳ ಸಾಲಿನ ನಡುವೆ ಸೇರಿಕೊಳ್ಳಬೇಡಿ. ರಾತ್ರಿ ಎರಡಕ್ಕೆ ಹಿಂದಕ್ಕೆ ತೆಗೆಯುವ ಲಾರಿಯವನಿಗೆ ನಿಮ್ಮ ಗಾಡಿ ಕಾಣುವುದಿಲ್ಲ.

ಗ್ಯಾರೇಜ್ ಕಾಕಾ (ಹುಮನಾಬಾದ್)

ಮೂತಿ ರಸ್ತೆಯ ಕಡೆಗೆ ತಿರುಗಿಸಿಯೇ ನಿಲ್ಲಿಸಿ, ಕೀಲಿ ಒಂದೇ ಮೊಳೆಗೆ ತೂಗುಹಾಕಿ, ಮನೆಯವರೆಲ್ಲರಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ. ಮತ್ತೆ ತಮ್ಮಾ, ಆ ಟ್ಯಾಂಕಿನ ಪೈಪನ್ನು ಕೈಯಲ್ಲಿ ಎತ್ತಿ ಹಿಡಿಯುವುದು ಆಗದ ಮಾತು. ಹುಮನಾಬಾದಿಗೆ ಬಂದಾಗ ಗಾಡಿ ತೋರಿಸಿ, ಕ್ಲಾಂಪ್ ಹಾಕಿಸಿ ಕೊಡುತ್ತೇನೆ. ಬರುವ ಮೊದಲು ಕಾಟಾದ ಚೀಟಿ ಜೊತೆಗಿರಲಿ.